ಊರಿನ ಗೋಡೆ, ಮಕ್ಕಳ ಕ್ಲಾಸು, ನಾಟಕದ ಪರದೆ... ನನ್ನ ಸ್ವಂತ ಚಿತ್ರಕ್ಕೆ ಜಾಗ ಎಲ್ಲಿ?

ಇದ್ದಿಲುಗೆರೆ

ಎಲ್ಲರಿಗೂ ನಮಸ್ಕಾರ. ದೃಶ್ಯಕಲೆಯಲ್ಲಿ ಪದವಿ ಮುಗಿಸಿ, ಕೆಲವು ವರ್ಷ ಬೆಂಗಳೂರಲ್ಲಿದ್ದು, ಈಗ ನಮ್ಮೂರಿಗೇ ಬಂದು ನೆಲೆಸಿದೀನಿ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಬಂದಾಗಿನಿಂದ ಕೈಗೆ ಬಿಡುವಿಲ್ಲ. ಸರ್ಕಾರಿ ಶಾಲೆ ಕಾಂಪೌಂಡು, ಅಂಗನವಾಡಿ ಗೋಡೆ, ಹವ್ಯಾಸಿ ನಾಟಕದವರ ಪರದೆ, ಗಣಪತಿ ಪೆಂಡಾಲು, ಭಾನುವಾರ ಮಕ್ಕಳಿಗೆ ಚಿತ್ರದ ಕ್ಲಾಸು. ಜನ ಪ್ರೀತಿಯಿಂದ ಕರೀತಾರೆ, ನಾನೂ ಪ್ರೀತಿಯಿಂದಲೇ ಹೋಗ್ತೀನಿ.

ಆದ್ರೆ ಸ್ವಂತ ಕ್ಯಾನ್ವಾಸ್ ಮುಟ್ಟಿ ತುಂಬಾ ದಿನ ಆಯ್ತು. ಜೊತೆಗೆ ಓದಿದವರು ಪ್ರದರ್ಶನ ಮಾಡ್ತಿದಾರೆ, ರೆಸಿಡೆನ್ಸಿಗೆ (ಬೇರೆ ಕಡೆ ಕೆಲವು ದಿನ ಉಳಿದು ಬರೀ ಕಲಾಕೆಲಸ ಮಾಡೋ ಅವಕಾಶ) ಹೋಗ್ತಿದಾರೆ. ಮೊನ್ನೆ ಗೆಳೆಯನೊಬ್ಬ "ನೀನೀಗ ಕಲಾವಿದ ಅಲ್ಲ ಮಾರಾಯ, ಸಮಾಜಸೇವಕ" ಅಂದ. ಆ ಮಾತು ಮನಸ್ಸಿಂದ ಹೋಗ್ತಿಲ್ಲ.

ಊರಿನ ಕೆಲಸ ಕಲಾವಿದನ ಬೆಳವಣಿಗೆಯನ್ನ ತಿಂದುಹಾಕುತ್ತಾ, ಇಲ್ಲಾ ಅದೂ ಬೆಳವಣಿಗೆಯೇನಾ? ನಮ್ಮ ಕರ್ನಾಟಕದಲ್ಲಿ ಎರಡನ್ನೂ ನಿಭಾಯಿಸಿದವರು ಯಾರು, ಹೇಗೆ ನಿಭಾಯಿಸಿದ್ರು? ಗೊತ್ತಿದ್ದವರು ಹೇಳಿ. ಇದೇ ದಾರೀಲಿ ಇರುವವರು ಇದ್ರೆ ಇನ್ನೂ ಒಳ್ಳೇದು.

ಬಸವನಗುಡಿ ಬೆಳಗು

ಗೆಳೆಯನ ಮಾತು ತಲೆಗೆ ಹಚ್ಕೋಬೇಡಿ. ಚಿತ್ರ ಬರೆಯೋನು ಕಲಾವಿದ. ಎಲ್ಲಿ ಬರೆದ ಅನ್ನೋದು ಆಮೇಲಿನ ಮಾತು.

ಗದುಗಿನ ಗಾಳಿ

ನಮ್ಮ ಕಡೆ ಇದು ಹೊಸಾ ಪ್ರಶ್ನೆ ಅಲ್ರಿ. ಗದಗಿನ್ಯಾಗ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದ್ರು. ಧಾರವಾಡದಾಗ ಡಿ.ವಿ. ಹಾಲಭಾವಿಯವರು ಕಲಾಶಾಲೆ ನಡೆಸಿದ್ರು. ಇವರಿಬ್ಬರೂ ಸ್ವತಃ ಕುಂಚ ಹಿಡಿದವರು. ಆದ್ರ ಇವತ್ತಿಗೂ ಮಂದಿ ಅವರ ಹೆಸರು ಹೇಳೂದು ಅವರು ತಯಾರು ಮಾಡಿದ ಹುಡುಗರಿಂದ. ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಅಂಥಾ ಶಾಲೆಯಿಂದ ಬಂದವರ. ಬೋರ್ಡಿನ ಮ್ಯಾಲೆ ಸೀಮೆಸುಣ್ಣದಾಗ ಎತ್ತಿನ ಹೆಗಲು ತೆಗೆದು ತೋರಿಸಿದ್ರು ಅಂದ್ರ ಇಡೀ ಕ್ಲಾಸ್ ಸುಮ್ನ ಕುಂದರತಿತ್ತು. ಬೆಂಗಳೂರು, ಮುಂಬೈ ಬಿಟ್ಟು ಒಂದು ಜಿಲ್ಲೆಯೊಳಗ ಕಲೆ ಅಂಬೋದು ಬದುಕಿದ್ದು ಇಂಥವರಿಂದ. ನಿಮ್ಮ ದೋಸ್ತಗ ಇದನ್ನ ಹೇಳ್ರಿ.

ನೇರನುಡಿ

ಗದುಗಿನ ಗಾಳಿಯವರೇ, ನಿಮ್ಮ ಗೌರವ ಸರಿ. ಆದರೆ ಪ್ರಶ್ನೆ ಕೇಳಿದವರಿಗೆ ಅದು ಉತ್ತರ ಅಲ್ಲ. ಶಾಲೆ ಕಟ್ಟಿದವರ ಶಿಷ್ಯರ ಹೆಸರು ನಮಗೆ ಗೊತ್ತು. ಅವರದೇ ಚಿತ್ರಗಳನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೇವೆ? ಬೆಂಗಳೂರಿನ ಆರ್.ಎಂ. ಹಡಪದ್ ಅವರನ್ನೇ ತೆಗೆದುಕೊಳ್ಳಿ. ಕೆನ್ ಕಲಾಶಾಲೆ ಅಂದರೆ ಎಲ್ಲರೂ ಕೈಮುಗಿಯುತ್ತಾರೆ. ಹಡಪದ್ ಅವರ ಒಂದು ಚಿತ್ರ ವರ್ಣಿಸಿ ಅಂದರೆ ಬಹಳ ಜನ ತಡವರಿಸುತ್ತಾರೆ. ಊರಿಗೆ ಕೊಟ್ಟ ಸಮಯ ಎಲ್ಲಿಂದಲೋ ಬರುವುದಿಲ್ಲ, ಚಿತ್ರದಿಂದಲೇ ಬರುತ್ತದೆ. ಆ ಬೆಲೆ ಗೊತ್ತಿದ್ದು ಕೊಡುವುದು ಬೇರೆ, ಗೊತ್ತಿಲ್ಲದೆ ಕಳೆದುಕೊಳ್ಳುವುದು ಬೇರೆ.

ಇನ್ನೊಂದು ಕಡೆ ಕೆ. ವೆಂಕಟಪ್ಪನವರನ್ನು ನೋಡಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದು, ಮದುವೆ ಆಗದೆ, ಸಭೆ ಸಮಾರಂಭ ಅಂತ ಓಡಾಡದೆ, ಚಿತ್ರ ಮತ್ತು ವೀಣೆ ಎರಡಕ್ಕೇ ಬದುಕು ಮುಡಿಪಿಟ್ಟರು. ಊಟಿಯ ಆ ಜಲವರ್ಣಗಳಲ್ಲಿರುವ ಮಂಜು ಸಂಜೆ ಹೊತ್ತು ಪೆಂಡಾಲು ಕಟ್ಟುವವನಿಗೆ ಸಿಗುವುದಿಲ್ಲ.

ಕುಕ್ಕರಹಳ್ಳಿ ಕೆರೆ

ನೇರನುಡಿ ಸರ್, ವೆಂಕಟಪ್ಪನವರು ಏಕಾಂತಪ್ರಿಯರು, ಒಪ್ಪಿದೆ. ಆದ್ರೆ ಮೈಸೂರು ಅರಮನೆಗೆ ಅವರು ಮಾಡಿದ ಉಬ್ಬುಶಿಲ್ಪಗಳನ್ನ ಬಿಟ್ಟುಬಿಟ್ರಲ್ಲ! ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಆ ಕೆಲಸ ಪಕ್ಕಾ ಗೋಡೆ ಕೆಲಸ, ಅದೂ ಇನ್ನೊಬ್ಬರು ಹೇಳಿ ಮಾಡಿಸಿದ್ದು. ಹೇಳಿ ಮಾಡಿಸಿದ ಕೆಲಸ ಅಂದ ಮಾತ್ರಕ್ಕೆ ಅದು ಕೀಳಾಗಲಿಲ್ಲ, ಯಾಕಂದ್ರೆ ಕೈ ಅವರದೇ, ಪಟ್ಟು ಅವರದೇ.

ಇನ್ನು ಹಡಪದ್ ಅವರ ವಿಷಯ. ಬಾದಾಮಿ ಕಡೆಯಿಂದ ಬಂದ ಒಬ್ಬ ಮನುಷ್ಯ 1960ರ ದಶಕದ ಕೊನೆಯಲ್ಲಿ ಬೆಂಗಳೂರಲ್ಲಿ ಶಾಲೆ ತೆಗೆದು, ದುಡ್ಡಿಲ್ಲದ ಹುಡುಗರನ್ನ ಸೇರಿಸ್ಕೊಂಡು ಕಲಿಸಿದ್ರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಓದಿದ್ದು ಅಲ್ಲೇ. ಆಮೇಲೆ ಶಾಂತಿನಿಕೇತನ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜು. ಸಗಣಿ, ಕುಂಕುಮ ಹಚ್ಚಿದ ದಾರ, ಡಾಂಬರಿನ ಡ್ರಮ್ಮು ಇಂಥ ವಸ್ತುಗಳಿಂದ ಅವರು ಮಾಡಿದ ಕೃತಿಗಳನ್ನ ಪ್ರಪಂಚ ನೋಡ್ತಿದೆ. ಹಡಪದ್ ಅವರ ಕೆಲಸವನ್ನ ಕ್ಯಾನ್ವಾಸ್ ಲೆಕ್ಕದಲ್ಲಿ ಅಳೆಯೋದು ನನಗಂತೂ ಸರಿ ಕಾಣಲ್ಲ.

ನೇರನುಡಿ

ಅಳೆಯುತ್ತಿರುವುದು ನಾನಲ್ಲ, ಪ್ರಶ್ನೆ ಕೇಳಿದವರೇ. "ನನ್ನ ಸ್ವಂತ ಚಿತ್ರ ಎಲ್ಲಿ" ಎಂದು ಅವರು ಕೇಳುತ್ತಿದ್ದಾರೆ. ಶಿಷ್ಯರ ಸಾಧನೆ ತೋರಿಸಿ ಅವರ ಹಸಿವು ಅಡಗಿಸಲು ಆಗುವುದಿಲ್ಲ.

ಚಿತ್ತಾರದ ಮನೆ

ಇಷ್ಟು ಹೊತ್ತು ನಡೆದ ಮಾತಲ್ಲಿ ಶೀಲಾ ಗೌಡ ಒಬ್ಬರನ್ನ ಬಿಟ್ರೆ ಹೆಂಗಸರೇ ಇಲ್ಲ ನೋಡಿ. ನಾನು ಸಾಗರದ ಕಡೆಯವಳು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತು ಅಂದ್ರೆ ಗೋಡೆ ಮೇಲೆ ಹಸೆ ಚಿತ್ತಾರ ಬರೀಬೇಕು. ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದ್ರೆ ಪುಂಡಿ ನಾರು. ನಮ್ಮಜ್ಜಿ ಗೆರೆ ಎಳೆಯುವಾಗ ಸುತ್ತ ಹೆಂಗಸರು ಕೂತು ಹಾಡು ಹೇಳೋರು. ಬರೆಯೋದು, ಹಾಡೋದು, ಬಣ್ಣ ಅರೆಯೋದು, ಚಿಕ್ಕ ಹುಡುಗೀರಿಗೆ ಕಲಿಸೋದು ಎಲ್ಲ ಒಟ್ಟೊಟ್ಟಿಗೇ. "ನನ್ನ ಚಿತ್ರ" ಬೇರೆ, "ಊರಿನ ಕೆಲಸ" ಬೇರೆ ಅನ್ನೋ ಗೋಡೆ ಆ ಮನೇಲಿ ಇರಲಿಲ್ಲ.

ಆದ್ರೆ ಅದರ ಇನ್ನೊಂದು ಮುಖಾನೂ ಹೇಳ್ಬೇಕು. ಅಜ್ಜಿ ಹೆಸರು ಎಲ್ಲೂ ಇಲ್ಲ. ಮದುವೆ ಮುಗಿದು ವರ್ಷ ಕಳೆದ್ಮೇಲೆ ಗೋಡೆ ಸಾರಿಸಿದ್ರೆ ಆ ಚಿತ್ರಾನೂ ಹೋಯ್ತು. ಊರಿಗೆ ಬರೆದವರಿಗೆ ಊರು ಹೆಸರು ಕೊಡುತ್ತೆ ಅಂತ ಅಂದ್ಕೋಬೇಡಿ. ಈಗ ನಾನು ಬಟ್ಟೆ ಮೇಲೆ, ಕಾಗದದ ಮೇಲೆ ಚಿತ್ತಾರ ಬರೀತೀನಿ. ಪ್ರತಿಯೊಂದರ ಮೂಲೇಲೂ ಹೆಸರು ಹಾಕ್ತೀನಿ. ಮೊದಮೊದಲು ಮನೆಯವರೇ "ಇದೆಲ್ಲ ಯಾಕೆ" ಅಂದಿದ್ರು. ಹಾಕ್ಲೇಬೇಕು ಅಂತ ನಾನು ಹಟ ಹಿಡಿದೆ.

ಇದ್ದಿಲುಗೆರೆ

ಅಕ್ಕ, ನೀವು ಹೇಳಿದ ಹೆಸರಿನ ವಿಷಯ ನನಗೆ ನೇರವಾಗಿ ನಾಟ್ತು. ಶಾಲೆ ಗೋಡೆ ಮೇಲೆ ದಾನಿಗಳ ಹೆಸರು ದೊಡ್ಡದಾಗಿ ಬರೆಸಿದ್ರು. ಅದನ್ನ ಬರೆದ ಕೈ ನನ್ನದೇ. ನನ್ನ ಹೆಸರು ಹಾಕೋಣ ಅಂತ ಯಾರಿಗೂ ಅನ್ನಿಸಲಿಲ್ಲ.

ದುಡ್ಡಿನ ವಿಷಯಾನೂ ಕೇಳ್ತೀನಿ. ಬಣ್ಣದ ಖರ್ಚು ಕೊಡ್ತಾರೆ, ಕೂಲಿ ಅಂದ್ರೆ "ನಮ್ಮೂರ ಹುಡುಗ ಅಲ್ವಾ" ಅಂತಾರೆ. ಇದನ್ನ ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಬೋರ್ಡ್ ಬರಹ

ಇದಕ್ಕೆ ನಾನು ಹೇಳ್ತೀನಿ. ನಮ್ಮಪ್ಪ ಬೋರ್ಡ್ ಆರ್ಟಿಸ್ಟ್. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಟೂರಿಂಗ್ ಟಾಕೀಸಿನ ಪ್ರಚಾರದ ಬಟ್ಟೆ, ಎಲೆಕ್ಷನ್ ಬಂದ್ರೆ ಗೋಡೆ. ದಾರಕ್ಕೆ ಬಣ್ಣದ ಪುಡಿ ಹಚ್ಚಿ ಎರಡು ಕಡೆ ಹಿಡಿದು ಮೀಟಿದ್ರೆ ನೇರ ಗೆರೆ. ಆ ಗೆರೆ ನಡುವೆ ಕನ್ನಡ ಅಕ್ಷರದ ಒತ್ತು, ಕೊಂಬು, ದೀರ್ಘ ಒಂದಕ್ಕೊಂದು ತಾಕದ ಹಾಗೆ ಕೂರಿಸೋದು ಸಣ್ಣ ವಿದ್ಯೆ ಅಲ್ಲ. ಫ್ಲೆಕ್ಸ್ ಬಂದ ಮೇಲೆ ಅಪ್ಪನ ಕೆಲಸ ಪೂರಾ ನಿಂತಿತು.

ಅಪ್ಪ ದೇವಸ್ಥಾನಕ್ಕೆ, ಶಾಲೆಗೆ ಬಿಟ್ಟಿ ಬರೀತಿದ್ರು. ಆದ್ರೆ ಬಾಯ್ಬಿಟ್ಟು ಹೇಳೋರು: "ಈ ಕೆಲಸದ ಕೂಲಿ ಇಷ್ಟು. ಇದನ್ನ ನಾನು ಶಾಲೆಗೆ ಕೊಡ್ತಿದೀನಿ." ಹಾಗೆ ಹೇಳಿದ್ರಿಂದ ಅದು ಕೊಡುಗೆ ಆಗ್ತಿತ್ತು. ಮುಂದಿನ ಸಲ ದುಡ್ಡು ಕೇಳಿದಾಗ ಯಾರಿಗೂ ಆಶ್ಚರ್ಯ ಆಗ್ತಿರಲಿಲ್ಲ. ನೀವು ಕೂಲಿಯ ಮಾತೇ ಎತ್ತದೆ ಬರೆದುಕೊಟ್ರೆ, ಈ ಕೆಲಸಕ್ಕೆ ಬೆಲೆಯೇ ಇಲ್ಲ ಅಂತ ಊರು ಕಲಿಯುತ್ತೆ. ನಿಮ್ಮ ಹಿಂದೆ ಬರೋ ಹುಡುಗನಿಗೂ ಅದೇ ಗತಿ.

ಪಂಚಾಯ್ತಿ ಕಟ್ಟೆ

ಬೋರ್ಡ್ ಬರಹದವರ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಾನು ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದೆ. ಲಿಖಿತ ಕೊಟೇಶನ್ ಇಲ್ಲದೆ ನಾವು ದುಡ್ಡು ಕೊಡೋಕೆ ಬರಲ್ಲ, ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಹಾಕ್ಕೊಳ್ತೀವಿ. ಕಲಾವಿದರು ಬಾಯಿಮಾತಲ್ಲಿ ಒಪ್ಪಿ ಆಮೇಲೆ ಬೇಜಾರು ಮಾಡ್ಕೊಳ್ತಾರೆ. ಗೋಡೆ ಎಷ್ಟು ಚದರ ಅಡಿ, ಎಷ್ಟು ಕೋಟು, ಬಣ್ಣ ಯಾವುದು, ಕೂಲಿ ಎಷ್ಟು, ಹೆಸರು ಎಲ್ಲಿ ಬರುತ್ತೆ, ಎಲ್ಲ ಒಂದು ಹಾಳೇಲಿ ಬರೆದು ಕೊಡಿ. ಸಭೆ ನಡಾವಳಿಯಲ್ಲಿ ಸೇರಿಸೋಕೆ ನಮಗೂ ಸುಲಭ.

ಕರಿಕೋಟು

ವಕೀಲನಾಗಿ ಒಂದೆರಡು ಮಾತು. ಇದು ಕಲಾವಿದರಿಗೆ ಗೊತ್ತಿರಲೇಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ಹಕ್ಕುಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಆದ್ದರಿಂದ ನಿಮ್ಮ ವಿನ್ಯಾಸವನ್ನು ಅವರು ಕ್ಯಾಲೆಂಡರ್, ಟೀ ಶರ್ಟಿಗೆ ಬಳಸಬಾರದು ಎಂದಿದ್ದರೆ ಮೊದಲೇ ಬರೆಸಿಕೊಳ್ಳಿ. ಆದರೆ 57ನೇ ಸೆಕ್ಷನ್ ಬೇರೆ. ಹಕ್ಕುಸ್ವಾಮ್ಯ ಮಾರಿದ ಮೇಲೂ "ಇದನ್ನು ಮಾಡಿದವನು ನಾನು" ಎಂದು ಹೇಳಿಕೊಳ್ಳುವ ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ನಿಮ್ಮ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪ ಮಾಡಿದರೆ ಪ್ರಶ್ನಿಸುವ ಹಕ್ಕೂ ಉಳಿಯುತ್ತದೆ.

ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪ ಇತ್ತು. 1979ರಲ್ಲಿ ಅದನ್ನು ಕಿತ್ತು ಗೋದಾಮಿಗೆ ಹಾಕಿದರು. ಕಲಾವಿದರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಎದುರಿಗಿದ್ದದ್ದು ಕೇಂದ್ರ ಸರ್ಕಾರ. ಶಾಲೆ ಗೋಡೆಗೂ ವಿಜ್ಞಾನ ಭವನಕ್ಕೂ ಹೋಲಿಕೆ ಎಲ್ಲಿ ಎನ್ನಬೇಡಿ. ಹಕ್ಕು ಒಂದೇ.

ಬಸವನಗುಡಿ ಬೆಳಗು

ಇದು ನನಗೆ ಗೊತ್ತೇ ಇರಲಿಲ್ಲ. ಉಳಿಸಿಟ್ಕೊಂಡೆ.

ಡ್ರಾಯಿಂಗ್ ಮೇಷ್ಟ್ರು

ನಾನು ನಿವೃತ್ತ ಚಿತ್ರಕಲಾ ಶಿಕ್ಷಕ. ಮಕ್ಕಳ ಕ್ಲಾಸಿನ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

"ಚಿತ್ರ ಬರೆಯಿರಿ" ಅಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಹೆಂಚಿನ ಮನೆ, ಬಾಗಿದ ತೆಂಗಿನ ಮರ, ಮೇಲೆ ನಾಲ್ಕು ಹಕ್ಕಿ. ಗುಡ್ಡವೇ ಇಲ್ಲದ ರಾಯಚೂರಿನ ಬಯಲಲ್ಲೂ ಅದೇ, ಕಡಲ ಪಕ್ಕದ ಊರಲ್ಲೂ ಅದೇ. ಯಾರೋ ಒಬ್ಬರು ಬೋರ್ಡಿನ ಮೇಲೆ ಬರೆದದ್ದನ್ನು ತಲೆಮಾರಿನಿಂದ ನಕಲು ಮಾಡುತ್ತಿದ್ದಾರೆ. ಮಗುವಿನ ಕಣ್ಣು ಮನೆ ಮುಂದಿನ ಹುಣಸೆಮರವನ್ನು ನೋಡುವುದೇ ಇಲ್ಲ.

ನಾನು ಏನು ಮಾಡುತ್ತಿದ್ದೆ ಅಂದರೆ, ಕ್ಲಾಸಿಗೆ ಒಂದು ಹಳೇ ಚಪ್ಪಲಿ, ಒಂದು ನೇಗಿಲಿನ ಕುಳ, ಒಂದು ಮೊರ ತಂದು ಇಡುತ್ತಿದ್ದೆ. "ಇದನ್ನೇ ಬರೆಯಿರಿ, ಪಕ್ಕದವನದು ನೋಡಬೇಡಿ" ಅನ್ನುತ್ತಿದ್ದೆ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಅವರು ಕೂರುವ ಹೊತ್ತಿಗೆ ಕಣ್ಣು ಪಳಗಿರುತ್ತಿತ್ತು. ಆ ಮೊರವನ್ನು ಮಕ್ಕಳು ಅಷ್ಟೊಂದು ಬಗೆಯಲ್ಲಿ ಬರೆದದ್ದು ನೋಡಿ ನೋಡಿ ನನ್ನ ಸ್ವಂತ ರೇಖೆಯೇ ಬದಲಾಯಿತು. ಮೊದಲು ನಾನು ಶೇಡಿಂಗ್ ಮೇಲೆ ಶೇಡಿಂಗ್ ಹಾಕಿ ವಸ್ತುವನ್ನು ಉಬ್ಬಿಸುತ್ತಿದ್ದೆ. ಮಕ್ಕಳು ಒಂದೇ ಗೆರೆಯಲ್ಲಿ ಹೆಣಿಗೆಯನ್ನು ಹಿಡಿಯುತ್ತಿದ್ದರು. ನನ್ನ ಆಮೇಲಿನ ಪೆನ್ ಡ್ರಾಯಿಂಗ್‌ಗಳೆಲ್ಲ ಅಲ್ಲಿಂದ ಹುಟ್ಟಿದವು.

ನೇರನುಡಿಯವರಿಗೆ ನನ್ನ ಉತ್ತರ ಇಷ್ಟು: ಭಾನುವಾರದ ಕ್ಲಾಸು ಸಮಯ ತೆಗೆದುಕೊಳ್ಳುತ್ತದೆ, ನಿಜ. ಆದರೆ ಕಲಿಸುವವನು ತಾನೂ ಕೂತು ಬರೆಯುತ್ತಿದ್ದರೆ ಅದು ಅವನ ಸ್ಟುಡಿಯೋನೇ. ತಿದ್ದುತ್ತಾ ಓಡಾಡಿದರೆ ಮಾತ್ರ ಬರೀ ಪಾಠ.

ಕಡಲತಡಿ

ಮೇಷ್ಟ್ರೇ, ಮೊರದ ಕಥೆ ಲಾಯ್ಕಿತ್ತು. ನಮ್ಮ ಉಡುಪಿ ಕಡೆಯ ಕೆ.ಕೆ. ಹೆಬ್ಬಾರರ ನೆನಪಾಯ್ತು. ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ಬದುಕಿದ್ದು ಮುಂಬೈಯಲ್ಲಿ. ಆದರೆ ಯಕ್ಷಗಾನ ಕಂಡ ಕಣ್ಣು, ನೃತ್ಯ ಕಲಿತ ಮೈ ಅವರ ರೇಖೆಯಲ್ಲಿ ಕಡೇತನಕ ಇತ್ತು. ಊರಿಗೆ ಕೆಲಸ ಮಾಡ್ಬೇಕಾದ್ರೆ ಊರಲ್ಲೇ ಕೂತಿರ್ಬೇಕು ಅಂತ ಇಲ್ಲ. ಊರು ನಿಮ್ಮ ಗೆರೆಯಲ್ಲಿ ಉಂಟಾ ಅಂತ ನೋಡ್ಕೊಳ್ಳಿ, ಸಾಕು.

ಗದುಗಿನ ಗಾಳಿ

ಕಡಲತಡಿಯವರ, ಅದು ಆ ಚಿತ್ರಕಾರಗ ಸಾಕಾದೀತು. ಊರಿನ ಹುಡುಗರಿಗೆ ಸಾಕಾಗೂದಿಲ್ರಿ. ಅವರಿಗೆ ಎದುರಿಗೆ ಕುಂತು ಪೆನ್ಸಿಲ್ ಹಿಡಿಸೋ ಮನುಷ್ಯಾ ಬೇಕು.

ಕಲಬುರಗಿ ಬಿಸಿಲು

ಊರಿಗಿ ಮರಳಿ ಬಂದವರೂ ಇದ್ದಾರ. ನಮ್ಮ ಎಸ್.ಎಂ. ಪಂಡಿತರು 1916ರಾಗ ಕಲಬುರಗಿಯೊಳಗ ಹುಟ್ಟಿದ್ರು. ಮುಂಬೈದಾಗ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರ ಬರದು ದೇಶಕ್ಕೆಲ್ಲಾ ಹೆಸರಾದ್ರು. ಆಮ್ಯಾಲೆ ಊರಿಗಿ ಬಂದ್ರು. ಅವರ ಚಿತ್ರ ದೇವರ ಮನಿಯೊಳಗ ಅದಾವ, ಗ್ಯಾಲರಿಯೊಳಗೂ ಅದಾವ.

ನೇರನುಡಿ

ಪಂಡಿತರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಕ್ಯಾಲೆಂಡರ್ ಚಿತ್ರವನ್ನು ಇಲ್ಲಿ ತರುವುದೇಕೆ? ಅದು ಮಾರುಕಟ್ಟೆಗೆ ಮಾಡಿದ್ದು. ಸಮುದಾಯ ಬೇರೆ, ಮಾರುಕಟ್ಟೆ ಬೇರೆ.

ಕಲಬುರಗಿ ಬಿಸಿಲು

ನಮ್ಮವ್ವ ದಿನಾ ದೀಪ ಹಚ್ಚಿ ಕೈಮುಗೀತಾಳಲ್ಲ, ಆ ಚಿತ್ರ ಮಾರ್ಕೆಟ್ಟಿಂದು ಅಂತ ಆಕಿಗಿ ನೀವೇ ಬಂದು ಹೇಳ್ರಿ ಸರ್. ಸಾವಿರಾರು ಮನಿಯೊಳಗ ಹೋಗಿ ಕುಂತ ಚಿತ್ರಕ್ಕಿಂತ ಸಮುದಾಯದ ಚಿತ್ರ ಯಾವುದ್ರಿ?

ಬಸವನಗುಡಿ ಬೆಳಗು

ಇಬ್ಬರೂ ಸ್ವಲ್ಪ ಸಮಾಧಾನ. ಕ್ಯಾಲೆಂಡರ್ ಕಲೆಯ ಚರ್ಚೆ ಬೇರೆಯಾಗಿ ಇಟ್ಕೊಳ್ಳೋಣ, ಅದಕ್ಕೇ ಒಂದು ದಿನ ಬೇಕು.

ನಾನು ಹೇಳ್ಬೇಕು ಅಂತಿದ್ದಿದ್ದು ಬಾದಲ್ ನಂಜುಂಡಸ್ವಾಮಿ ಅವರ ಬಗ್ಗೆ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಯಲ್ಲಿ ನೀರು ತುಂಬಿ ನಿಂತಾಗ ಅದರಲ್ಲಿ ಒಂದು ಮೊಸಳೆ ಪ್ರತಿಕೃತಿ ಇಟ್ರಲ್ಲ, ಆ ಫೋಟೋ ನೋಡದವರಿಲ್ಲ. 2019ರಲ್ಲಿ ಹೇರೋಹಳ್ಳಿ ಕಡೆ ಗುಂಡಿಬಿದ್ದ ರಸ್ತೆ ಮೇಲೆ ಗಗನಯಾತ್ರಿ ಚಂದ್ರನ ಮೇಲೆ ನಡೆದ ಹಾಗೆ ವಿಡಿಯೋ ಮಾಡಿದ್ರು. ಅದು ಚಂದ್ರಯಾನದ ಸಮಯ. ಅವರೂ ಮೈಸೂರಿನ ಕಾವಾ ಅನ್ನೋ ದೃಶ್ಯಕಲಾ ಕಾಲೇಜಲ್ಲಿ ಕಲಿತವರು. ಗೋಡೆ ಚಂದ ಮಾಡಿ ಅಂತ ಕರೆದಾಗ ಹೋಗೋದು ಒಂದು ಬಗೆ. ಯಾರೂ ಕರೆಯದಿದ್ರೂ ಊರಿನ ಗಾಯದ ಮೇಲೆ ಬೆರಳಿಡೋದು ಇನ್ನೊಂದು ಬಗೆ. ಇದ್ದಿಲುಗೆರೆ, ನಿಮ್ಮನ್ನ ಕರೆಯೋದೆಲ್ಲ ಬರೀ ಅಲಂಕಾರಕ್ಕಾ? ಅದನ್ನೊಮ್ಮೆ ಯೋಚನೆ ಮಾಡಿ.

ಸುಣ್ಣ ಸಿಮೆಂಟು

ನಾನು ಪೇಂಟಿಂಗ್ ಕಂಟ್ರಾಕ್ಟರ್. ಕಲಾವಿದರ ಗೋಡೆ ಚಿತ್ರ ಎರಡೇ ಮಳೆಗೆ ಸುಲಿದು ಬರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ, ಹಾಗಾಗಿ ಹೇಳ್ತೀನಿ.

ಹೊಸ ಸಿಮೆಂಟ್ ಗಾರೆ ಆಗಿದ್ರೆ ಕ್ಯೂರಿಂಗ್ ಮುಗಿದು ಚೆನ್ನಾಗಿ ಒಣಗೋ ತನಕ, ಕಡಿಮೆ ಅಂದ್ರೂ 28 ದಿನ, ಮುಟ್ಟಬೇಡಿ. ಹಳೇ ಗೋಡೆಗೆ ಸುಣ್ಣ ಹೊಡೆದಿದ್ರೆ ಪೂರ್ತಿ ಕೆರೀಬೇಕು. ಸುಣ್ಣದ ಪುಡಿ ಮೇಲೆ ಪ್ರೈಮರ್ ಹಿಡಿಯಲ್ಲ. ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದ್ರೆ ನೆಲದಿಂದ ತೇವ ಏರ್ತಿದೆ ಅಂತ ಅರ್ಥ. ಅದನ್ನ ಸರಿ ಮಾಡಿಸದೆ ಎಂಥ ಬಣ್ಣ ಹಾಕಿದ್ರೂ ಉದುರುತ್ತೆ. ಪಾಚಿ ಇದ್ರೆ ಉಜ್ಜಿ ತೊಳೆದು ಒಣಗಿಸಿ. ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್, ಅದರ ಮೇಲೆ ಎಕ್ಸ್‌ಟೀರಿಯರ್ ಅಕ್ರಿಲಿಕ್ ಎಮಲ್ಷನ್. ಡಿಸ್ಟೆಂಪರ್ ಹೊರಗೋಡೆಗೆ ಬೇಡವೇ ಬೇಡ. ಕೆಂಪು, ಹಳದಿ ಬೇಕಾದ್ರೆ ಆಕ್ಸೈಡ್ ಬಣ್ಣ ನಂಬಿ, ಬಿಸಿಲಿಗೆ ತಡೆಯುತ್ತೆ. ಮಿಂಚೋ ಗುಲಾಬಿ, ನೇರಳೆ ಬೇಗ ಮಂಕಾಗುತ್ತೆ. ನಿಮ್ಮ ಕಡೆ ಮಳೆ ಜಾಸ್ತಿ ಅಂದ್ರೆ ದೀಪಾವಳಿ ಆದ ಮೇಲೆ ಶುರು ಮಾಡಿ.

ಚಿತ್ತಾರದ ಮನೆ

ಸುಣ್ಣ ಸಿಮೆಂಟು ಅಣ್ಣ, ಮಣ್ಣಿನ ಗೋಡೆಗೆ ಈ ಅಕ್ರಿಲಿಕ್ ಹೊಂದಲ್ಲ ಅಲ್ವಾ? ನಮ್ಮಲ್ಲಿ ಒಬ್ಬರು ಬಳಿಸಿದ್ರು, ಚರ್ಮ ಸುಲಿದ ಹಾಗೆ ಹಾಳೆ ಹಾಳೆ ಎದ್ದು ಬಂತು.

ಸುಣ್ಣ ಸಿಮೆಂಟು

ಹೊಂದಲ್ಲ ಮೇಡಂ. ಮಣ್ಣಿನ ಗೋಡೆ ಉಸಿರಾಡಬೇಕು, ತೇವ ಒಳಗೇ ಸಿಕ್ಕಿಹಾಕ್ಕೊಂಡ್ರೆ ಮೇಲಿನ ಪದರ ಏಳುತ್ತೆ. ನಿಮ್ಮ ಅಜ್ಜಿ ಕೆಮ್ಮಣ್ಣೇ ಸರಿ.

ಪಂಚಾಯ್ತಿ ಕಟ್ಟೆ

ಗೋಡೆ ವಿಷಯ ಬಂತಲ್ಲ, ನನ್ನದೊಂದು ಸಿಟ್ಟು ಇದೆ. ಎಲ್ಲ ಸರ್ಕಾರಿ ಶಾಲೆಗೂ ರೈಲು ಬೋಗಿ ಚಿತ್ರ! ಒಂದು ಊರಲ್ಲಿ ಶುರುವಾಯ್ತು, ಚೆನ್ನಾಗಿತ್ತು, ಮಕ್ಕಳು ಕುಣಿದಾಡಿದ್ರು. ಈಗ ಎಲ್ಲಿ ಹೋದ್ರೂ ಅದೇ ಬೋಗಿ, ಅದೇ ಕಿಟಕಿ. ಕಲಾವಿದರು ಯಾಕೆ ಬೇರೆ ಯೋಚನೆ ಮಾಡಲ್ಲ?

ಇದ್ದಿಲುಗೆರೆ

ಸರ್, ನಾವು ಬೇರೆ ಯೋಚನೆ ತಗೊಂಡು ಹೋದ್ರೂ "ಆ ಶಾಲೇಲಿ ಮಾಡಿದಾರಲ್ಲ, ಹಾಗೇ ಮಾಡಿ" ಅಂತಾರೆ. ಮೊಬೈಲಲ್ಲಿ ಫೋಟೋ ತೋರಿಸ್ತಾರೆ. ನನ್ನ ಸುಸ್ತು ಇಲ್ಲೇ ಇರೋದು ಅಂತ ಈಗ ಅನ್ನಿಸ್ತಿದೆ. ಕೆಲಸ ಜಾಸ್ತಿ ಆಗಿದ್ದಕ್ಕಲ್ಲ, ಅದರಲ್ಲಿ ನಾನು ಇಲ್ಲದೇ ಇರೋದಕ್ಕೆ.

ಕುಕ್ಕರಹಳ್ಳಿ ಕೆರೆ

ಇದು ನಿಜವಾದ ಮಾತು. ಹಾಗಾದ್ರೆ ಎನ್.ಎಸ್. ಹರ್ಷ ಅವರನ್ನ ನೋಡಿ. 1969ರಲ್ಲಿ ಮೈಸೂರಲ್ಲಿ ಹುಟ್ಟಿ, ಕಾವಾದಲ್ಲಿ ಕಲಿತು, ಬರೋಡಾಗೆ ಹೋಗಿ ಎಂ.ಎಫ್.ಎ. ಮುಗಿಸಿ, ವಾಪಸ್ ಬಂದು ಮೈಸೂರಲ್ಲೇ ಕೂತ್ರು. 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಬಹುಮಾನ ಬಂತು. 2017ರಲ್ಲಿ ಟೋಕಿಯೋದ ಮೋರಿ ಮ್ಯೂಸಿಯಂನಲ್ಲಿ ಅವರ ದೊಡ್ಡ ಏಕವ್ಯಕ್ತಿ ಪ್ರದರ್ಶನ ಆಯ್ತು. ಅದರ ಜೊತೆಜೊತೆಗೇ ಮಕ್ಕಳನ್ನ, ಊರವರನ್ನ ಸೇರಿಸ್ಕೊಂಡು ಮಾಡಿದ ಕೆಲಸಗಳೂ ಇವೆ. ಅವರ ಕ್ಯಾನ್ವಾಸ್ ನೋಡಿ: ಸಾಲುಸಾಲು ಪುಟ್ಟ ಮನುಷ್ಯರು, ಕೂತವರು, ಊಟ ಮಾಡ್ತಿರೋರು, ಮಲಗಿದವರು, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಪಂಕ್ತಿಯಲ್ಲಿ ಕೂತು ಜನರನ್ನ ನೋಡದವರಿಗೆ ಆ ಚಿತ್ರ ಬರಲ್ಲ ಅಂತ ನನ್ನ ಅನಿಸಿಕೆ. ಜನರ ನಡುವೆ ಇದ್ದಿದ್ದು ನೇರವಾಗಿ ಚಿತ್ರಕ್ಕೆ ಬಂದಿದೆ. ನಿಮಗೆ ಶಾಲೆ ಗೋಡೆ ಕೊಟ್ಟಿರೋದು ಬರೀ ಗೋಡೆ ಅಲ್ಲ, ಅಲ್ಲಿ ಓಡಾಡೋ ಮಕ್ಕಳು, ಬಿಸಿಯೂಟ ಮಾಡೋ ಅಮ್ಮಂದಿರು, ಕಾಂಪೌಂಡ್ ಮೇಲೆ ಕೂರೋ ಹುಡುಗರು. ಸ್ಕೆಚ್‌ಬುಕ್ ಜೇಬಲ್ಲಿದೆಯಾ?

ಇದ್ದಿಲುಗೆರೆ

ಇದೆ. ಗಾರೆ ಒಣಗೋಕೆ ಕಾಯ್ತಾ, ಟೀ ಬರೋ ತನಕ ಬರೆದ ಇದ್ದಿಲು ಚಿತ್ರಗಳು ಒಂದು ಕಟ್ಟು ಆಗಿವೆ. ಅಡುಗೆ ಅಮ್ಮಂದಿರದೇ ಜಾಸ್ತಿ. ಅದನ್ನ "ಕೆಲಸ" ಅಂತ ನಾನು ಎಣಿಸಿರಲಿಲ್ಲ.

ಡ್ರಾಯಿಂಗ್ ಮೇಷ್ಟ್ರು

ಅದನ್ನೇ ಮೊದಲು ಹೊರಗೆ ತೆಗೆಯಿರಿ!

ನೇರನುಡಿ

ಮೇಷ್ಟ್ರ ಉತ್ಸಾಹಕ್ಕೆ ಅಡ್ಡ ಬರುವುದಿಲ್ಲ. ಆದರೂ ನನ್ನ ಮಾತು ಬಿಡುವುದಿಲ್ಲ. ಸ್ಕೆಚ್ ಬೇರೆ, ತಿಂಗಳುಗಟ್ಟಲೆ ಒಂದೇ ಚಿತ್ರದ ಮುಂದೆ ನಿಂತು ಅದರ ಜೊತೆ ಜಗಳ ಆಡುವುದು ಬೇರೆ. ಆ ಜಗಳಕ್ಕೆ ಬಾಗಿಲು ಹಾಕಿದ ಕೋಣೆ ಬೇಕು. ವಾರದಲ್ಲಿ ಇಂತಿಷ್ಟು ದಿನ ಯಾರು ಕರೆದರೂ ಬರುವುದಿಲ್ಲ ಎಂದು ಊರಿಗೆ ಹೇಳಿ. ವೈದ್ಯರಿಗೆ ರಜೆ ಇದೆ, ಅಂಗಡಿಗೆ ರಜೆ ಇದೆ, ಕಲಾವಿದನಿಗೆ ಮಾತ್ರ ಯಾಕಿಲ್ಲ?

ಬೋರ್ಡ್ ಬರಹ

ಇದನ್ನ ಒಪ್ತೀನಿ ಸರ್. ಅಪ್ಪ ಮಂಗಳವಾರ ಯಾರ ಕೆಲಸಾನೂ ಮುಟ್ಟುತ್ತಿರಲಿಲ್ಲ. ಆವತ್ತು ಮನೇಲಿ ಕೂತು ತಮಗೆ ಬೇಕಾದ್ದು ಬರೀತಿದ್ರು. ಊರವರಿಗೆ ಗೊತ್ತಿತ್ತು, ಬರ್ತಿರಲಿಲ್ಲ.

ಕಡಲತಡಿ

ಕಲಾವಿದರು ಊರಿಗೆ ಮಾಡಿದ್ದೇ ಮಾತಾಡ್ತಾ ಇದ್ದೇವೆ. ಕಲಾವಿದರು ಒಟ್ಟಾಗಿ ತಮ್ಮ ಜಾಗ ಉಳಿಸ್ಕೊಂಡದ್ದೂ ಊರಿನ ಕೆಲಸವೇ ಅಲ್ವಾ? 2016ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಕೈಗೆ ಕೊಡ್ತಾರೆ ಅಂತ ಆದಾಗ ಕಲಾವಿದರು ಬೀದಿಗೆ ಬಂದರು. ಅಲ್ಲೇ ಕೂತು ಚಿತ್ರ ಬರೆದರು, ಹಾಡಿದರು. ಕಡಿಮೆ ಬಾಡಿಗೆಗೆ ಹೊಸ ಹುಡುಗರೂ ಪ್ರದರ್ಶನ ಮಾಡಬಹುದಾದ ಜಾಗ ಅದು.

ಕುಕ್ಕರಹಳ್ಳಿ ಕೆರೆ

ಹೌದು. ಏಕಾಂತದಲ್ಲೇ ಬದುಕಿದ ವೆಂಕಟಪ್ಪನವರ ಹೆಸರಿನ ಕಟ್ಟಡಕ್ಕಾಗಿ ಅಷ್ಟು ಜನ ಸೇರಿದ್ರು. ಆದ್ರೆ ಜಿಲ್ಲೆಗಳಲ್ಲಿ ಅಂಥ ಜಾಗಗಳೇ ಕಡಿಮೆ. ಜನವರಿಯಲ್ಲಿ ಒಂದು ದಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬಸ್ಸಲ್ಲಿ ಚಿತ್ರ ಹೊತ್ಕೊಂಡು ಬರ್ತಾರೆ, ಸಂಜೆ ಉಳಿದಿದ್ದನ್ನ ಹೊತ್ಕೊಂಡು ಹೋಗ್ತಾರೆ. ಉಳಿದ ದಿನಗಳಲ್ಲಿ ಎಲ್ಲಿ ತೋರಿಸೋದು?

ಪಂಚಾಯ್ತಿ ಕಟ್ಟೆ

ಪ್ರತಿ ತಾಲ್ಲೂಕಲ್ಲೂ ಸಮುದಾಯ ಭವನ ಇದೆ, ಗ್ರಂಥಾಲಯ ಇದೆ. ಅರ್ಜಿ ಕೊಡಿ. ಮದುವೆ ಇಲ್ಲದ ದಿನ ಭವನ ಖಾಲಿಯೇ ಇರುತ್ತೆ.

ಇದ್ದಿಲುಗೆರೆ

ಎಲ್ಲರ ಮಾತೂ ಓದಿದೆ, ಕೆಲವನ್ನ ಎರಡು ಸಲ ಓದಿದೆ. ಈಗ ನಾನು ಮಾಡ್ಬೇಕು ಅಂದ್ಕೊಂಡಿರೋದು ಹೇಳ್ತೀನಿ.

ಮುಂದಿನ ಗೋಡೆಗೆ ಒಂದು ಹಾಳೆ ಕೊಟೇಶನ್ ಕೊಡ್ತೀನಿ, ಹೆಸರಿನ ಸಾಲೂ ಅದರಲ್ಲೇ ಇರುತ್ತೆ. ಆ ಗೋಡೆ ಒಂದು ಪ್ರೌಢಶಾಲೆಯದು. ರೈಲು ಬೋಗಿ ಬರೆಯಲ್ಲ. ಮೊದಲು ಅಲ್ಲಿನ ಮಕ್ಕಳ ಜೊತೆ ಕೂತು ಮೇಷ್ಟ್ರ ಹಾಗೆ ವಸ್ತು ಇಟ್ಟು ಬರೆಸ್ತೀನಿ. ಅವರ ಗೆರೆಗಳನ್ನೇ ಚೌಕ ಹಾಕಿ ದೊಡ್ಡದು ಮಾಡಿ ಗೋಡೆಗೆ ತರೋ ಯೋಚನೆ. ಸೋಮವಾರ, ಮಂಗಳವಾರ ನಾನು ಯಾರಿಗೂ ಸಿಗಲ್ಲ ಅಂತ ಮನೇಲೂ ಹೇಳಿದೀನಿ. ಇದ್ದಿಲು ಚಿತ್ರಗಳನ್ನ ನಮ್ಮೂರ ಗ್ರಂಥಾಲಯದಲ್ಲಿ ತೂಗುಹಾಕೋಕೆ ಕೇಳ್ತೀನಿ. ಅಡುಗೆ ಅಮ್ಮಂದಿರು ಮೊದಲು ನೋಡ್ಲಿ.

ಒಂದು ಸಹಾಯ ಬೇಕು. ಇದ್ದಿಲು ಕೈಗೆ ತಾಕಿದ್ರೆ ಅಳಿಸುತ್ತೆ. ಎಲ್ಲದಕ್ಕೂ ಗಾಜಿನ ಫ್ರೇಮ್ ಹಾಕಿಸೋಷ್ಟು ದುಡ್ಡಿಲ್ಲ. ಏನ್ ಮಾಡ್ಬಹುದು?

ಡ್ರಾಯಿಂಗ್ ಮೇಷ್ಟ್ರು

ಇದ್ದಿಲು ಅಳಿಸದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಸಿಗುತ್ತದೆ. ದೂರದಿಂದ ತೆಳುವಾಗಿ ಹೊಡೆಯಿರಿ, ಒಣಗಿದ ಮೇಲೆ ಇನ್ನೊಮ್ಮೆ. ಒಂದೇ ಸಲ ದಪ್ಪ ಹೊಡೆದರೆ ಕಪ್ಪು ಕಲೆ ಕಟ್ಟುತ್ತದೆ. ಕಿಟಕಿ ತೆಗೆದಿಟ್ಟುಕೊಳ್ಳಿ, ವಾಸನೆ ಜೋರು. ಮೊದಲು ಬೇಡವಾದ ಒಂದು ಚಿತ್ರದ ಮೇಲೆ ಪ್ರಯೋಗ ಮಾಡಿ.

ಚಿತ್ತಾರದ ಮನೆ

ತೂಗುಹಾಕೋಕೆ ಫ್ರೇಮ್ ಬೇಡ. ಗೋಡೆಯಿಂದ ಗೋಡೆಗೆ ಸೆಣಬಿನ ಹಗ್ಗ ಕಟ್ಟಿ, ಹಿಂದೆ ದಪ್ಪ ರಟ್ಟು ಇಟ್ಟು, ಬಟ್ಟೆ ಒಣಹಾಕೋ ಕ್ಲಿಪ್ಪಲ್ಲಿ ಸಿಕ್ಕಿಸಿ. ನಾವು ಹಾಗೇ ಮಾಡ್ತೀವಿ. ಪ್ರತಿ ಚಿತ್ರದ ಕೆಳಗೆ ಆ ಅಮ್ಮಂದಿರ ಹೆಸರು ಬರೀರಿ, ಅವರನ್ನ ಕೇಳ್ಕೊಂಡು. ನಿಮ್ಮ ಹೆಸರೂ ಬರೀರಿ.

ನೇರನುಡಿ

ದಿನಾಂಕ ಗೊತ್ತಾದ ಮೇಲೆ ಇಲ್ಲೇ ತಿಳಿಸಿ. ಬೇಲೂರಿನಲ್ಲಿ ನನ್ನ ತಂಗಿ ಮನೆ ಇದೆ, ಅಲ್ಲಿಂದ ಬಂದು ನೋಡುತ್ತೇನೆ. ಆದರೆ ಕ್ಯಾನ್ವಾಸ್ ಶುರು ಮಾಡಿದ್ದೀರಾ ಎಂದು ಖಂಡಿತ ಕೇಳುತ್ತೇನೆ.

ಗದುಗಿನ ಗಾಳಿ

ಮಕ್ಕಳ ಗೆರಿ ಗ್ವಾಡಿಗೆ ಏರಿಸೂ ಮುಂದ ಫೋಟೋ ಹಾಕ್ರಿ. ನಮ್ಮೂರ ಸಾಲಿಯವರಿಗೂ ತೋರಸ್ತೀನಿ, ಅವರೂ ಗ್ವಾಡಿ ಬರಸೂ ವಿಚಾರದಾಗ ಅದಾರ.